ಮುಖ ಬದಲಾಯಿತು, ಕಥೆ ನಿಲ್ಲಲಿಲ್ಲ

2022ರ ಆಗಸ್ಟ್‌ನಲ್ಲಿ ಕನ್ನಡ ಕಿರುತೆರೆಯ ದೊಡ್ಡ ಸುದ್ದಿ ಒಂದೇ ಆಗಿತ್ತು. ಜೀ ಕನ್ನಡದ ‘ಜೊತೆ ಜೊತೆಯಲಿ’ ಧಾರಾವಾಹಿಯ ಆರ್ಯವರ್ಧನ್ ಇನ್ನು ಅನಿರುದ್ಧ್ ಜತ್ಕರ್ ಅಲ್ಲ. ಧಾರಾವಾಹಿ ತಂಡಕ್ಕೂ ನಟನಿಗೂ ನಡುವಿನ ಭಿನ್ನಾಭಿಪ್ರಾಯ ಸೆಟ್ಟಿನ ಗೋಡೆ ದಾಟಿ ಬಂದಿತ್ತು. ಕಿರುತೆರೆ ನಿರ್ಮಾಪಕರು ತಮ್ಮ ಮಾತು ಹೇಳಿದರು, ಅನಿರುದ್ಧ್ ಪತ್ರಿಕಾಗೋಷ್ಠಿ ಕರೆದು ತಮ್ಮ ಮಾತು ಹೇಳಿದರು. ಯಾರದು ಸರಿ, ಯಾರದು ತಪ್ಪು ಎಂಬ ಚರ್ಚೆ ವಾರಗಟ್ಟಲೆ ನಡೆಯಿತು. ಆದರೆ ಮನೆಯಲ್ಲಿ ಕುಳಿತು ನೋಡುವವರ ಪ್ರಶ್ನೆ ಬೇರೆಯೇ ಇತ್ತು: ನಾಳೆ ರಾತ್ರಿ ನಾಯಕಿ ಅನು ಸಿರಿಮನೆಯ ಎದುರು ಬಂದು ನಿಲ್ಲುವವರು ಯಾರು?

ಈ ಪ್ರಶ್ನೆ ಕನ್ನಡದ್ದು ಮಾತ್ರ ಅಲ್ಲ. ಅದಕ್ಕೂ ಎರಡು ವರ್ಷ ಹಿಂದೆ, 2020ರ ಮೇ ತಿಂಗಳಲ್ಲಿ, ಅಮೆರಿಕದ ‘ಬ್ಯಾಟ್‌ವುಮನ್’ ಸರಣಿಯ ಬರಹಗಾರರೂ ಇದೇ ಇಕ್ಕಟ್ಟಿನಲ್ಲಿ ಸಿಲುಕಿದ್ದರು. ಒಂದೇ ಸೀಸನ್ ಮುಗಿಸಿ ನಾಯಕಿ ರೂಬಿ ರೋಸ್ ಹೊರನಡೆದಿದ್ದರು. ಒಂದು ಕಡೆ ಮಧ್ಯವಯಸ್ಸಿನ ಉದ್ಯಮಿಯ ಪ್ರೇಮಕಥೆ, ಇನ್ನೊಂದು ಕಡೆ ಕಪ್ಪು ಮುಖವಾಡ ತೊಟ್ಟು ರಾತ್ರಿ ಊರು ಕಾಯುವ ಸೂಪರ್‌ಹೀರೊ. ಎರಡಕ್ಕೂ ಸಂಬಂಧವೇ ಇಲ್ಲ ಅನ್ನಿಸಬಹುದು. ಆದರೆ ಎರಡೂ ತಂಡಗಳು ಹುಡುಕಿಕೊಂಡ ದಾರಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಅವು ಎಷ್ಟು ಹತ್ತಿರದವು ಎಂದು ಅಚ್ಚರಿಯಾಗುತ್ತದೆ.

‘ಜೊತೆ ಜೊತೆಯಲಿ’ ಶುರುವಾದದ್ದು 2019ರ ಸೆಪ್ಟೆಂಬರ್‌ನಲ್ಲಿ, ಆರೂರು ಜಗದೀಶ್ ನಿರ್ದೇಶನದಲ್ಲಿ. ಮೂಲ ಕಥೆ ಮರಾಠಿಯದು. ಜೀ ಮರಾಠಿಯಲ್ಲಿ ಸುಬೋಧ್ ಭಾವೆ ನಾಯಕರಾಗಿದ್ದ ‘ತುಲಾ ಪಾಹತೇ ರೇ’ ಒಂದು ವರ್ಷದೊಳಗೇ ಮುಗಿದಿತ್ತು. ಕನ್ನಡದಲ್ಲಿ ಆ ಕಥೆಗೆ ಸಿಕ್ಕ ಪ್ರೀತಿ ಬೇರೆ ಮಟ್ಟದ್ದು. ವಿಷ್ಣುವರ್ಧನ್ ಅವರ ಅಳಿಯ ಎಂದೇ ಹೆಚ್ಚು ಜನ ಗುರುತಿಸುತ್ತಿದ್ದ ಅನಿರುದ್ಧ್, ನರೆ ಬೆರೆತ ಕೂದಲು, ಅಳೆದು ಆಡುವ ಮಾತು, ಇಸ್ತ್ರಿ ಕೆಡದ ಕೋಟಿನ ಆರ್ಯವರ್ಧನ್ ಆಗಿ ಮನೆಮನೆಗೆ ಬಂದರು. ಅನು ಪಾತ್ರದಲ್ಲಿ ಹೊಸಬರಾದ ಮೇಘಾ ಶೆಟ್ಟಿ. ಟಿಆರ್‌ಪಿ ಪಟ್ಟಿಯಲ್ಲಿ ಧಾರಾವಾಹಿ ಮೇಲಕ್ಕೇರಲು ಹೆಚ್ಚು ದಿನ ಬೇಕಾಗಲಿಲ್ಲ.

ಆರ್ಯವರ್ಧನ್‌ಗೆ ಹಾರಲು ಬರುತ್ತಿರಲಿಲ್ಲ, ಕೈಯಿಂದ ಬೆಂಕಿ ಬರುತ್ತಿರಲಿಲ್ಲ. ಆದರೂ ದಿನದ ಧಾರಾವಾಹಿಯ ನಾಯಕ ನಮ್ಮಲ್ಲಿ ಸೂಪರ್‌ಹೀರೊ ಮಾಡುವ ಕೆಲಸವನ್ನೇ ಮಾಡುತ್ತಾನೆ. ಎಲ್ಲರೂ ಕೈಚೆಲ್ಲಿದ ಕ್ಷಣಕ್ಕೆ ಬಾಗಿಲಲ್ಲಿ ಕಾಣಿಸಿಕೊಳ್ಳುವವನು ಅವನು. ಬೆಂಗಳೂರಿನ ಹುಳಿಮಾವಿನಂಥ ಬಡಾವಣೆಯನ್ನೇ ತೆಗೆದುಕೊಳ್ಳಿ. ಬನ್ನೇರುಘಟ್ಟ ರಸ್ತೆಯ ರಾಯಲ್ ಮೀನಾಕ್ಷಿ ಮಾಲ್‌ನ ಮಲ್ಟಿಪ್ಲೆಕ್ಸ್‌ಗೆ ಮಾರ್ವೆಲ್ ಸಿನಿಮಾ ನೋಡಲು ಹೋಗುವ ಮೊಮ್ಮಕ್ಕಳೂ, ಸಂಜೆ ಆರರಿಂದ ಹತ್ತರವರೆಗೆ ರಿಮೋಟ್ ಬಿಟ್ಟುಕೊಡದ ಅಜ್ಜಿಯರೂ ಇಲ್ಲಿ ಒಂದೇ ಸೂರಿನಡಿ ಇರುತ್ತಾರೆ. ಇಬ್ಬರೂ ಕಾಯುವುದು ಒಂದಕ್ಕೇ: ತಮ್ಮ ನಾಯಕ ತೆರೆಯ ಮೇಲೆ ಬರುವ ಕ್ಷಣಕ್ಕೆ.

ವ್ಯತ್ಯಾಸ ಇರುವುದು ಕಾಯುವ ಅವಧಿಯಲ್ಲಿ. ಸಿನಿಮಾದ ನಾಯಕ ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ ಬರುತ್ತಾನೆ. ಧಾರಾವಾಹಿಯ ನಾಯಕ ವಾರಕ್ಕೆ ಐದು ದಿನ ಬರುತ್ತಾನೆ. ವರ್ಷಕ್ಕೆ ಸುಮಾರು 260 ಸಂಚಿಕೆ. ಹತ್ತಿರದ ನೆಂಟರ ಮುಖವನ್ನೂ ನಾವು ವರ್ಷಕ್ಕೆ ಅಷ್ಟು ಸಲ ನೋಡುವುದಿಲ್ಲ. ಅದೂ ಮಾರು ದೂರದಿಂದ ನೋಡುವ ಮುಖವಲ್ಲ, ಕ್ಲೋಸಪ್‌ನಲ್ಲಿ, ಹುಬ್ಬಿನ ಒಂದೊಂದು ಚಲನೆಯೂ ಎಣಿಕೆಗೆ ಸಿಗುವಷ್ಟು ಹತ್ತಿರದಿಂದ. ಹಾಗಾಗಿ ಆ ಮುಖ ಹೋದರೆ ನೋಡುಗರಿಗೆ ಆಗುವ ನೋವನ್ನು ಹುಚ್ಚು ಅಭಿಮಾನ ಎಂದು ತಳ್ಳಿಹಾಕುವುದು ತಪ್ಪು. ಮೂರು ವರ್ಷ ದಿನವೂ ಮನೆಗೆ ಬರುತ್ತಿದ್ದವರು ಹೇಳದೆ ನಿಂತುಬಿಟ್ಟರೆ ಯಾರಿಗಾದರೂ ಸಂಕಟವಾಗುತ್ತದೆ.

ತಂಡದ ಸಂಕಟವೂ ಸಣ್ಣದಲ್ಲ. ದಿನದ ಧಾರಾವಾಹಿ ಎಂದರೆ ನಿಲ್ಲಿಸಿ ಯೋಚಿಸಲು ಬಿಡುವಿಲ್ಲದ ಕೆಲಸ. ಚಿತ್ರೀಕರಿಸಿ ಎಡಿಟ್ ಮಾಡಿ ಕೈಯಲ್ಲಿಟ್ಟುಕೊಂಡ ಸಂಚಿಕೆಗಳಿಗೆ ಅವರು ‘ಬ್ಯಾಂಕಿಂಗ್’ ಅನ್ನುತ್ತಾರೆ. ಆ ಬ್ಯಾಂಕಿಂಗ್ ಕರಗುವುದರೊಳಗೆ ಹೊಸ ಟ್ರ್ಯಾಕ್ ಬರೆದು, ನಟನನ್ನು ಹುಡುಕಿ, ಕಾಲ್‌ಶೀಟ್ ಹೊಂದಿಸಿ ಶೂಟಿಂಗ್ ಮುಗಿಸಬೇಕು. ನಾಯಕನೊಬ್ಬ ಹೋದನೆಂದು ಧಾರಾವಾಹಿ ನಿಂತರೆ ಸಹನಟರು, ಕ್ಯಾಮೆರಾ, ಲೈಟ್, ಮೇಕಪ್, ಪ್ರೊಡಕ್ಷನ್ ವಿಭಾಗದವರೆಲ್ಲರ ದಿನಗೂಲಿಯೂ ನಿಲ್ಲುತ್ತದೆ. ಮುಂದುವರಿಸುವ ನಿರ್ಧಾರದ ಹಿಂದೆ ಚಾನೆಲ್‌ನ ಜಾಹೀರಾತಿನ ಲೆಕ್ಕ ಎಷ್ಟಿರುತ್ತದೋ ಇವರ ಅನ್ನದ ಲೆಕ್ಕವೂ ಅಷ್ಟೇ ಇರುತ್ತದೆ.

‘ಜೊತೆ ಜೊತೆಯಲಿ’ ತಂಡಕ್ಕೆ ಇನ್ನೊಂದು ತೊಡಕೂ ಇತ್ತು. ಕನ್ನಡದ ಕಥೆ ಮರಾಠಿ ಮೂಲವನ್ನು ದಾಟಿ ಬಹುದೂರ ಬೆಳೆದುಬಿಟ್ಟಿತ್ತು. ಮುಂದೇನು ಎಂದು ತಿರುಗಿ ನೋಡಲು ಮೂಲದಲ್ಲಿ ಏನೂ ಉಳಿದಿರಲಿಲ್ಲ. ಆಗ ಅವರು ಹಿಡಿದ ದಾರಿ ಅಪಘಾತದ್ದು. ಆರ್ಯವರ್ಧನ್ ಅಪಘಾತಕ್ಕೆ ಸಿಲುಕುತ್ತಾನೆ, ಶಸ್ತ್ರಚಿಕಿತ್ಸೆಯಲ್ಲಿ ಅವನ ಮುಖವೇ ಬದಲಾಗುತ್ತದೆ, ನೆನಪು ಅಳಿಸಿಹೋಗುತ್ತದೆ. ಸಂಜು ಎಂಬ ಹೆಸರಿನಲ್ಲಿ ಅವನು ತನ್ನ ಮನೆಗೇ ಅಪರಿಚಿತನಾಗಿ ಬರುತ್ತಾನೆ. ಈ ಹೊಸ ಮುಖ ನಟ, ನಿರ್ದೇಶಕ ಹರೀಶ್ ರಾಜ್ ಅವರದು.

ಬರಹಗಾರರ ಕಣ್ಣಿನಿಂದ ನೋಡಿದರೆ ಇದರಲ್ಲಿ ಜಾಣ್ಮೆಯಿದೆ. ನೋಡುಗರಿಗೆ ಹೊಸ ನಟ ಅಪರಿಚಿತ, ಹಾಗೆಯೇ ಅನುವಿಗೂ ಅವನು ಅಪರಿಚಿತ. ಇವನು ನನ್ನವನಲ್ಲ ಎಂದು ಮನೆಯಲ್ಲಿ ಕೂತವರು ಅನ್ನುವಾಗ ತೆರೆಯ ಮೇಲೆ ನಾಯಕಿಯೂ ಅದನ್ನೇ ಅನ್ನುತ್ತಾಳೆ. ನೋಡುಗರ ವಿರೋಧವನ್ನೇ ಕಥೆಯೊಳಗೆ ತಂದು ನಿಧಾನಕ್ಕೆ ಕರಗಿಸುವ ಉಪಾಯ ಇದು. ಹರೀಶ್ ರಾಜ್ ಅವರಿಗೂ ಅನಿರುದ್ಧ್ ಅವರ ನಡಿಗೆ, ದನಿಗಳನ್ನು ಅನುಕರಿಸಬೇಕಾದ ಒತ್ತಡ ತಪ್ಪಿತು. ಸಂಜು ಸಂಜುವಾಗಿಯೇ ಇರಬಹುದಿತ್ತು.

ಈಗ ಬ್ಯಾಟ್‌ವುಮನ್ ಕಡೆಗೆ. ರೂಬಿ ರೋಸ್ 2019ರಲ್ಲಿ ಬೆನ್ನುಹುರಿಯ ಡಿಸ್ಕ್ ತೊಂದರೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಹುಬೇಗ ಸೆಟ್ಟಿಗೆ ಮರಳಿದ್ದರು. ಸೂಪರ್‌ಹೀರೊ ಪಾತ್ರ ಮೈಗೆ ಕೊಡುವ ದಣಿವು ಬೇರೆ ಯಾವ ಪಾತ್ರದ ದಣಿವಿಗಿಂತಲೂ ಕಡಿಮೆಯಲ್ಲ. ಬಿಗಿ ಉಡುಪು, ತಂತಿ ಕಟ್ಟಿ ಎಳೆಯುವ ಸಾಹಸ ದೃಶ್ಯಗಳು, ರಾತ್ರಿಯಿಡೀ ಶೂಟಿಂಗ್. ಅವರು ಹೊರಬಂದ ಮುಂದಿನ ವರ್ಷ ಸೆಟ್ಟಿನ ಪರಿಸ್ಥಿತಿಯ ಬಗ್ಗೆ ಬಹಿರಂಗವಾಗಿ ದೂರಿದರು. ನಿರ್ಮಾಣ ಸಂಸ್ಥೆ ಆ ದೂರನ್ನು ಅಲ್ಲಗಳೆಯಿತು. ಏನೇ ಇರಲಿ, ಸರಣಿಯ ಮುಖ್ಯ ಬರಹಗಾರ್ತಿ ಕ್ಯಾರೊಲಿನ್ ಡ್ರೈಸ್ ಮುಂದೆ ಎರಡು ದಾರಿಗಳಿದ್ದವು. ಕೇಟ್ ಕೇನ್ ಎಂಬ ಅದೇ ಪಾತ್ರಕ್ಕೆ ಬೇರೆ ನಟಿಯನ್ನು ತಂದು ಏನೂ ಆಗದವರಂತೆ ಮುಂದುವರಿಸುವುದು ಒಂದು. ಡ್ರೈಸ್ ಸ್ವತಃ ಇದನ್ನು ದಿನದ ಧಾರಾವಾಹಿಗಳ ವಿಧಾನ ಎಂದು ಕರೆದು, ಸ್ವಲ್ಪ ಹೊತ್ತು ಯೋಚಿಸಿ ಕೈಬಿಟ್ಟರು. ಅವರು ಆರಿಸಿದ್ದು ಎರಡನೆಯದನ್ನು. ಕೇಟ್ ಕೇನ್ ಪ್ರಯಾಣಿಸುತ್ತಿದ್ದ ವಿಮಾನ ಬೀಳುತ್ತದೆ, ಅವಳು ಕಾಣೆಯಾಗುತ್ತಾಳೆ. ಅವಶೇಷಗಳ ನಡುವೆ ಬಿದ್ದಿದ್ದ ಬ್ಯಾಟ್‌ವುಮನ್ ಉಡುಪು, ಮನೆಯಿಲ್ಲದೆ ವ್ಯಾನಿನಲ್ಲಿ ಬದುಕುವ ರಾಯನ್ ವೈಲ್ಡರ್ ಎಂಬ ಕಪ್ಪು ಯುವತಿಯ ಕೈಗೆ ಸಿಗುತ್ತದೆ. ಜವಿಸಿಯಾ ಲೆಸ್ಲಿ ಆ ಪಾತ್ರಕ್ಕೆ ಬಂದರು. ಎರಡನೇ ಸೀಸನ್ 2021ರ ಜನವರಿಯಲ್ಲಿ ಶುರುವಾಯಿತು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅದೇ ಸೀಸನ್‌ನಲ್ಲಿ ಕೇಟ್ ಕೇನ್ ಬದುಕಿದ್ದಾಳೆ ಎಂದಾಯಿತು. ಅಪಘಾತದಲ್ಲಿ ಮುಖ ಹಾಳಾಗಿ, ಬೇರೆ ಮುಖ, ಬೇರೆ ಹೆಸರು, ಬೇರೆ ನೆನಪು ಹೊತ್ತು ಅವಳು ಬಂದಳು. ಈ ಸಲ ನಟಿ ವಾಲಿಸ್ ಡೇ. ಸಾವಿರಾರು ಮೈಲಿ ದೂರದ ಎರಡು ತಂಡಗಳು, ಒಂದರದು ಇನ್ನೊಂದಕ್ಕೆ ಗೊತ್ತಿದ್ದಿರಲಿ ಇಲ್ಲದಿರಲಿ, ಒಂದೂವರೆ ವರ್ಷದ ಅಂತರದಲ್ಲಿ ಅದೇ ಅಪಘಾತ, ಅದೇ ಶಸ್ತ್ರಚಿಕಿತ್ಸೆ, ಅದೇ ಮರೆವನ್ನು ಬಳಸಿದವು. ನಟ ಹೋದರೂ ಪಾತ್ರವನ್ನು ಬಿಡಲಾಗದ ಕಥೆಗಾರರಿಗೆ ಕಾಣುವ ದಾರಿಗಳು ಎಷ್ಟು ಕಡಿಮೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಬ್ಯಾಟ್‌ವುಮನ್ ಮೂರು ಸೀಸನ್, 51 ಸಂಚಿಕೆಗೆ 2022ರಲ್ಲಿ ನಿಂತಿತು. ಆ ಸರಣಿಯಲ್ಲಿ ಜೀವಂತಿಕೆ ಉಳಿದಿದ್ದರೆ ಅದು ರಾಯನ್ ವೈಲ್ಡರ್ ಬಂದದ್ದರಿಂದ, ಹಳೆಯ ಕೇಟ್ ಹೊಸ ಮುಖದಲ್ಲಿ ಮರಳಿದ್ದರಿಂದಲ್ಲ.

ಸೂಪರ್‌ಹೀರೊ ಕಥೆಗಳಿಗೆ ಇಂಥ ಸಂದರ್ಭದಲ್ಲಿ ಒಂದು ಅನುಕೂಲವಿದೆ, ಮುಖವಾಡ. ಉಡುಪು ತೊಟ್ಟವರು ಯಾರಾದರೂ ಆಗಬಹುದು. ನಮ್ಮ ಯಕ್ಷಗಾನ ಇದನ್ನು ಬಹಳ ಹಿಂದೆಯೇ ಅರಿತಿತ್ತು. ರಾತ್ರಿಯಿಡೀ ನಡೆಯುವ ಪ್ರಸಂಗದಲ್ಲಿ ಒಂದೇ ಪಾತ್ರವನ್ನು ಪೂರ್ವಾರ್ಧದಲ್ಲಿ ಒಬ್ಬರು, ಉತ್ತರಾರ್ಧದಲ್ಲಿ ಇನ್ನೊಬ್ಬರು ಮಾಡುವುದುಂಟು. ಕಿರೀಟ, ಬಣ್ಣ, ವೇಷದ ಕ್ರಮ ಅದೇ ಇರುವುದರಿಂದ ಕೃಷ್ಣ ಕೃಷ್ಣನಾಗಿಯೇ ಉಳಿಯುತ್ತಾನೆ. ಪ್ರೇಕ್ಷಕರಿಗೆ ಇಬ್ಬರು ಕಲಾವಿದರೂ ಗೊತ್ತು, ಇಬ್ಬರ ಮಾತುಗಾರಿಕೆಯ ಸೊಗಸನ್ನು ಹೋಲಿಸಿ ಮಾತಾಡುವುದೂ ಆ ರಾತ್ರಿಯ ಸಂತೋಷದ ಭಾಗವೇ. ಟಿವಿ ಧಾರಾವಾಹಿಯಲ್ಲಿ ಬಣ್ಣವೂ ಇಲ್ಲ, ಕಿರೀಟವೂ ಇಲ್ಲ. ಅಲ್ಲಿ ನಟನ ಸ್ವಂತ ಮುಖವೇ ಪಾತ್ರದ ವೇಷ. ಅದಕ್ಕೇ ಅದನ್ನು ಕಳಚಿ ಇನ್ನೊಬ್ಬರಿಗೆ ತೊಡಿಸುವುದು ಅಷ್ಟು ಕಷ್ಟ.

ಉಡುಪು ಇದ್ದ ಮಾತ್ರಕ್ಕೆ ಎಲ್ಲವೂ ಸಲೀಸಲ್ಲ ಎಂಬುದನ್ನು ಟಿವಿಯ ಮೊದಲ ಸೂಪರ್‌ಮ್ಯಾನ್ ಕಥೆ ಹೇಳುತ್ತದೆ. 1952ರಿಂದ 1958ರವರೆಗೆ 104 ಸಂಚಿಕೆಗಳಲ್ಲಿ ಸೂಪರ್‌ಮ್ಯಾನ್ ಆಗಿದ್ದ ಜಾರ್ಜ್ ರೀವ್ಸ್ 1959ರ ಜೂನ್‌ನಲ್ಲಿ ತೀರಿಕೊಂಡರು. ಹಳೆಯ ಸಂಚಿಕೆಗಳಲ್ಲಿ ರೀವ್ಸ್ ಹಾರುವ ದೃಶ್ಯಗಳನ್ನು ಕತ್ತರಿಸಿ ಜೋಡಿಸಿ, ಪತ್ರಕರ್ತ ಗೆಳೆಯ ಜಿಮ್ಮಿ ಓಲ್ಸನ್‌ನನ್ನು ಮುಂದಿಟ್ಟು ಹೊಸ ಸರಣಿ ಮಾಡುವ ಯೋಚನೆ ಬಂತು. ಜಿಮ್ಮಿಯ ಪಾತ್ರ ಮಾಡುತ್ತಿದ್ದ ಜ್ಯಾಕ್ ಲಾರ್ಸನ್ ಒಪ್ಪಲಿಲ್ಲ. ಸತ್ತ ಗೆಳೆಯನ ಚಿತ್ರದ ತುಣುಕುಗಳ ಪಕ್ಕ ನಿಂತು ನಟಿಸಲು ಅವರಿಗೆ ಮನಸ್ಸಾಗಲಿಲ್ಲ. ಆ ಯೋಜನೆ ಅಲ್ಲೇ ನಿಂತಿತು. ಮೂವತ್ತು ವರ್ಷದ ನಂತರ ‘ಸೂಪರ್‌ಬಾಯ್’ ಸರಣಿ ಮೊದಲ ಸೀಸನ್ ಮುಗಿದ ಕೂಡಲೇ ನಾಯಕನನ್ನು ಬದಲಿಸಿತು, ಯಾವ ವಿವರಣೆಯನ್ನೂ ಕೊಡಲಿಲ್ಲ. ಜಾನ್ ಹೇಮ್ಸ್ ನ್ಯೂಟನ್ ಜಾಗದಲ್ಲಿ ಜೆರಾರ್ಡ್ ಕ್ರಿಸ್ಟೊಫರ್ ಅದೇ ಕೆಂಪು ಮೇಲಂಗಿ ತೊಟ್ಟು ಬಂದರು, ಸರಣಿ ನಾಲ್ಕು ಸೀಸನ್ ನಡೆಯಿತು.

ಬ್ರಿಟನ್ನಿನ ‘ಡಾಕ್ಟರ್ ಹೂ’ ಸರಣಿ ಈ ಇಕ್ಕಟ್ಟಿಗೆ ಎಲ್ಲರಿಗಿಂತ ಸೊಗಸಾದ ಉತ್ತರ ಕಂಡುಕೊಂಡಿತು. 1966ರಲ್ಲಿ ನಾಯಕ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೈಕೊಟ್ಟಾಗ, ಡಾಕ್ಟರ್ ಎಂಬ ಅನ್ಯಗ್ರಹವಾಸಿ ಮೈ ಸವೆದಾಗ ಹೊಸ ಮೈ ಪಡೆಯುತ್ತಾನೆ ಎಂಬ ನಿಯಮವನ್ನೇ ಕಥೆಗೆ ಸೇರಿಸಿದರು. ಪ್ಯಾಟ್ರಿಕ್ ಟ್ರೌಟನ್ ಎದ್ದು ನಿಂತರು. ಅನಿವಾರ್ಯಕ್ಕೆ ಹುಟ್ಟಿದ ಆ ನಿಯಮವೇ ಮುಂದೆ ಸರಣಿಯ ಹಬ್ಬವಾಯಿತು. ಮುಂದಿನ ಡಾಕ್ಟರ್ ಯಾರು ಎಂದು ದೇಶವೇ ಕಾಯುವಂತಾಯಿತು.

ಕನ್ನಡದ ಮಕ್ಕಳಿಗೆ ಟಿವಿಯ ಸೂಪರ್‌ಹೀರೊ ಎಂದರೆ ಬಹುಕಾಲ ದೂರದರ್ಶನದ ‘ಶಕ್ತಿಮಾನ್’. 1997ರಲ್ಲಿ ಶುರುವಾಗಿ 2005ರವರೆಗೆ ನಡೆದ ಆ ಸರಣಿ ಹಿಂದಿಯಲ್ಲೇ ಬರುತ್ತಿತ್ತು. ಡಬ್ಬಿಂಗ್‌ಗೆ ಕನ್ನಡದಲ್ಲಿ ಜಾಗವಿರದ ಕಾಲ ಅದು. ಭಾಷೆ ಅರೆಬರೆ ತಿಳಿದರೂ ನಮ್ಮ ಮಕ್ಕಳು ಒಂದು ಕೈ ಮೇಲೆತ್ತಿ ಗಿರಗಿರನೆ ತಿರುಗುವುದನ್ನು ಕಲಿತರು. ಅಲ್ಲಿ ವರದಿಗಾರ್ತಿ ಗೀತಾ ವಿಶ್ವಾಸ್ ಪಾತ್ರಕ್ಕೆ ಮೊದಲು ಕಿಟು ಗಿಡ್ವಾನಿ ಇದ್ದರು, ಆಮೇಲೆ ವೈಷ್ಣವಿ ಬಂದರು. ಇಂದು ಹೆಚ್ಚಿನವರ ನೆನಪಿನಲ್ಲಿ ಉಳಿದಿರುವ ಗೀತಾ ಎರಡನೆಯವರೇ. ಆದರೆ ಶಕ್ತಿಮಾನ್ ಮಾತ್ರ ಮುಕೇಶ್ ಖನ್ನಾ ಒಬ್ಬರೇ. 2022ರಲ್ಲಿ ಅದನ್ನು ಸಿನಿಮಾ ಮಾಡುವ ಘೋಷಣೆಯಾಯಿತು. ರಣವೀರ್ ಸಿಂಗ್ ಹೆಸರು ಕೇಳಿಬಂದಾಗ ಖನ್ನಾ ಅವರೇ ಬಹಿರಂಗವಾಗಿ ವಿರೋಧಿಸಿದರು.

ನಮ್ಮ ಧಾರಾವಾಹಿಗಳಲ್ಲಿ ಅತಿಮಾನುಷ ಶಕ್ತಿ ಬರುವುದು ನಾಗಲೋಕದಿಂದ. ಜೀ ಕನ್ನಡದ ‘ನಾಗಿಣಿ’ 2016ರಲ್ಲಿ ಆರಂಭವಾದಾಗ ನಾಯಕಿ ದೀಪಿಕಾ ದಾಸ್. ಆ ಕಥೆ ಮುಗಿದ ಮೇಲೆ 2020ರಲ್ಲಿ ‘ನಾಗಿಣಿ 2’ ಬಂತು, ಹೊಸ ಕಥೆ, ಹೊಸ ನಾಗಿಣಿ, ನಮ್ರತಾ ಗೌಡ. ಹೆಸರನ್ನು ಉಳಿಸಿಕೊಂಡು ಉಳಿದದ್ದನ್ನು ಹೊಸದಾಗಿ ಕಟ್ಟುವ ಈ ಕ್ರಮದಲ್ಲಿ ಯಾರಿಗೂ ಅನ್ಯಾಯವಾಗುವುದಿಲ್ಲ. ನೇರ ಬದಲಾವಣೆಯೂ ನಮ್ಮಲ್ಲಿ ಗೆದ್ದಿದೆ. ‘ಲಕ್ಷ್ಮೀ ಬಾರಮ್ಮ’ದ ಚಿನ್ನು ಆಗಿದ್ದ ಕವಿತಾ ಗೌಡ ಹೊರಟಾಗ ರಶ್ಮಿ ಪ್ರಭಾಕರ್ ಅದೇ ಹೆಸರಿನಲ್ಲಿ ಅದೇ ಮನೆಗೆ ಬಂದರು, ಜನ ಅವರನ್ನೂ ಚಿನ್ನು ಎಂದೇ ಕರೆದರು. ಜೀವನಕಥೆಗಳಲ್ಲಿ ಬದಲಾವಣೆ ಇನ್ನೂ ಸಹಜ. ಲಾಕ್‌ಡೌನ್ ವರ್ಷದಲ್ಲಿ ಕನ್ನಡಕ್ಕೆ ಡಬ್ ಆಗಿ ಬಂದು ಹಳ್ಳಿಹಳ್ಳಿಯಲ್ಲಿ ಬ್ಯಾನರ್ ಕಟ್ಟಿಸಿಕೊಂಡ ‘ಮಹಾನಾಯಕ’ದಲ್ಲಿ ಬಾಲಕ ಭೀಮರಾವ್ ಅಂಬೇಡ್ಕರ್ ಆಗಿದ್ದ ಆಯುಧ್ ಭಾನುಶಾಲಿಯ ನಂತರ ಅಥರ್ವ ಕರ್ವೆ ಬಂದಾಗ ಯಾರೂ ಕಾರಣ ಕೇಳಲಿಲ್ಲ. ಹುಡುಗ ಬೆಳೆಯಲೇಬೇಕಲ್ಲ.

ನಟ ಮುನಿಸಿಕೊಂಡು ಹೋದರೆ ಒಂದು ನೋವು, ಇಲ್ಲವಾದರೆ ಇನ್ನೊಂದೇ ನೋವು. 2021ರ ಅಕ್ಟೋಬರ್ 29ರಂದು ಜನರ ‘ಅಪ್ಪು’ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ‘ಜೇಮ್ಸ್’ ಚಿತ್ರದಲ್ಲಿ ಅವರ ದನಿ ಇನ್ನೂ ಡಬ್ ಆಗಿರಲಿಲ್ಲ. ಶಿವರಾಜ್‌ಕುಮಾರ್ ತಮ್ಮನ ತುಟಿಗಳಿಗೆ ತಮ್ಮ ದನಿ ಕೊಟ್ಟರು. 2022ರ ಮಾರ್ಚ್ 17ರಂದು, ಪುನೀತ್ ಹುಟ್ಟುಹಬ್ಬದ ದಿನ, ಚಿತ್ರ ಬಿಡುಗಡೆಯಾಯಿತು. ಕೆಲವೇ ವಾರಗಳಲ್ಲಿ ತಂತ್ರಜ್ಞಾನದ ನೆರವಿನಿಂದ ಪುನೀತ್ ಅವರದೇ ದನಿಯಿರುವ ಪ್ರತಿಯೂ ಚಿತ್ರಮಂದಿರಕ್ಕೆ ಬಂತು. ಅಣ್ಣನ ದನಿ ಚೆನ್ನಾಗಿರಲಿಲ್ಲ ಎಂದಲ್ಲ, ಅಪ್ಪು ಮುಖದ ಜೊತೆ ಅಪ್ಪು ದನಿಯೇ ಬೇಕು ಎಂದು ಜನ ಹಂಬಲಿಸಿದ್ದರು.

ಹಾಲಿವುಡ್‌ನಲ್ಲಿ ಚಾಡ್ವಿಕ್ ಬೋಸ್ಮನ್ 2020ರ ಆಗಸ್ಟ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ‘ಬ್ಲ್ಯಾಕ್ ಪ್ಯಾಂಥರ್’ ತಂಡ ಅವರು ಮಾಡಿದ್ದ ರಾಜನ ಪಾತ್ರಕ್ಕೆ ಇನ್ನೊಬ್ಬರನ್ನು ತರಲಿಲ್ಲ. ರಾಜ ಸತ್ತನೆಂದೇ ಎರಡನೇ ಚಿತ್ರ ಶುರುವಾಗುತ್ತದೆ, ತಂಗಿ ಶೂರಿ ಉಡುಪು ತೊಡುತ್ತಾಳೆ. ‘ಸ್ಪಾರ್ಟಕಸ್’ ಸರಣಿಯದು ಇನ್ನೂ ಮನಮಿಡಿಯುವ ಕಥೆ. ನಾಯಕ ಆ್ಯಂಡಿ ವಿಟ್‌ಫೀಲ್ಡ್‌ಗೆ 2010ರಲ್ಲಿ ಕ್ಯಾನ್ಸರ್ ಪತ್ತೆಯಾಯಿತು. ಅವರು ಚೇತರಿಸಿಕೊಳ್ಳಲೆಂದು ತಂಡ ಕಥೆಯನ್ನು ಹಿಂದಕ್ಕೆ ಕೊಂಡೊಯ್ದು, ನಾಯಕ ಹೆಚ್ಚು ಬೇಕಿಲ್ಲದ ಆರು ಸಂಚಿಕೆಗಳ ಪೂರ್ವಕಥೆ ಮಾಡಿ ಸಮಯ ಕೊಟ್ಟಿತು. ರೋಗ ಮರುಕಳಿಸಿದಾಗ ಇನ್ನೊಬ್ಬರು ಪಾತ್ರ ಮಾಡಲಿ ಎಂದು ವಿಟ್‌ಫೀಲ್ಡ್ ಅವರೇ ಒಪ್ಪಿಗೆ ಕೊಟ್ಟರು. 2011ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡರು. ಲಿಯಾಮ್ ಮೆಕಿಂಟೈರ್ ಪಾತ್ರವನ್ನು ಮುಂದುವರಿಸಿದರು.

ಇಷ್ಟೆಲ್ಲ ಉದಾಹರಣೆಗಳಲ್ಲಿ ನಿಂತದ್ದು ಯಾವುದು, ಬಿದ್ದದ್ದು ಯಾವುದು ಎಂದು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹೋದವರು ಹೋದರು ಎಂದು ಕಥೆ ಒಪ್ಪಿಕೊಂಡ ಕಡೆ ನೋಡುಗರೂ ಒಪ್ಪಿಕೊಂಡಿದ್ದಾರೆ. ಡಾಕ್ಟರ್‌ನ ಹೊಸ ಮೈ, ಶೂರಿಯ ದುಃಖ, ರಾಯನ್ ವೈಲ್ಡರ್‌ಳ ಹಿಂಜರಿಕೆ, ಇವೆಲ್ಲ ಕಳೆದುಕೊಂಡದ್ದನ್ನು ಹೆಸರು ಹಿಡಿದು ಹೇಳುತ್ತವೆ. ಹೋದವರನ್ನು ಹೋಗಿಲ್ಲ ಎಂದು ತೋರಿಸಲು ಹೊರಟ ಕಡೆ, ಚಿನ್ನುವಿನಂಥ ಅಪವಾದ ಬಿಟ್ಟರೆ, ಎಷ್ಟೇ ಜಾಣ್ಮೆಯಿಂದ ಬರೆದಿದ್ದರೂ, ನೋಡುಗರು ಹೊಸ ಮುಖದಲ್ಲಿ ಹಳೆಯದನ್ನೇ ಹುಡುಕುತ್ತಾರೆ. ಆ ಹುಡುಕಾಟದ ಭಾರ ಬೀಳುವುದು ಹೊಸದಾಗಿ ಬಂದ ನಟನ ಮೇಲೆ. ಆರ್ಯವರ್ಧನ್ ಇಲ್ಲವಾದನೆಂದೇ ಹೇಳಿ, ಅನುವನ್ನೇ ಕಥೆಯ ಕೇಂದ್ರಕ್ಕೆ ತಂದು ನಡೆಸಿದ್ದರೆ ‘ಜೊತೆ ಜೊತೆಯಲಿ’ಯ ಕೊನೆಯ ತಿಂಗಳುಗಳು ಹೆಚ್ಚು ಗಟ್ಟಿಯಾಗುತ್ತಿದ್ದವು. ಮೇಘಾ ಶೆಟ್ಟಿ ಆ ಭಾರ ಹೊರಬಲ್ಲ ನಟಿಯಾಗಿ ಅಷ್ಟರಲ್ಲಿ ಬೆಳೆದಿದ್ದರು. ಧಾರಾವಾಹಿ 2023ರ ಮೇ ತಿಂಗಳಲ್ಲಿ ಮುಗಿಯಿತು. ಅನಿರುದ್ಧ್ 2024ರಲ್ಲಿ ಉದಯ ಟಿವಿಯ ‘ಸೂರ್ಯವಂಶ’ದ ಮೂಲಕ ಕಿರುತೆರೆಗೆ ಮರಳಿದರು.

ಚಾನೆಲ್‌ಗಳಲ್ಲಿ ಕೇಳಿಕೊಳ್ಳಬೇಕಾದದ್ದು ಇಷ್ಟೆ. ನಾಯಕ ಬದಲಾಗುವ ದಿನ ಅದನ್ನು ನೋಡುಗರಿಗೆ ನೇರವಾಗಿ ತಿಳಿಸಿ. ಹೊರಟವರ ಹೆಸರನ್ನೂ ಬಂದವರ ಹೆಸರನ್ನೂ ತೆರೆಯ ಮೇಲೆ ಹಾಕಿ. ವರ್ಷಗಟ್ಟಲೆ ದುಡಿದ ನಟನಿಗೆ ಕಥೆಯೊಳಗೇ ಒಂದು ಬೀಳ್ಕೊಡುಗೆಯ ಸಂಚಿಕೆ ಕೊಡಿ. ನೋಡುಗರಲ್ಲೂ ಒಂದು ಮಾತು. ಹೊಸದಾಗಿ ಬರುವ ನಟ ಯಾರ ಜಾಗವನ್ನೂ ಕಿತ್ತುಕೊಂಡು ಬಂದಿರುವುದಿಲ್ಲ, ಕರೆದ ಕೆಲಸಕ್ಕೆ ಬಂದಿರುತ್ತಾರೆ. ಒಂದು ತಿಂಗಳ ಸಂಚಿಕೆಗಳನ್ನಾದರೂ ನೋಡಿ, ಆಮೇಲೆ ತೀರ್ಮಾನಿಸಿ.